ತೂಕವೊಂದೇ ಅಳತೆಯಲ್ಲ

ಮಗುವಿನ ತೂಕ ಏರಲಿಲ್ಲವೆಂದರೆ ಯಾವ ತಾಯಿಗೆ ತಾನೇ ಊಟ ಸೇರೀತು? ಅದರಲ್ಲೂ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ಪಾರ್ಶ್ವವಾಯು ಇರುವ ಕೂಸಾದರೆ ಕೇಳುವುದೇ ಬೇಡ. ಪಾಮನಕಲ್ಲೂರಿನಂಥ ಊರಿನಲ್ಲಿ ಅಂಗನವಾಡಿಯ ತಕ್ಕಡಿ ಕಡಿಮೆ ತೋರಿಸಿತೋ, ಮನೆಯ ಹಿರಿಯರು "ಕೂಸು ಸೊರಗೈತಿ, ಇನ್ನೊಂದು ತುತ್ತು ಉಣಿಸವ್ವ" ಅನ್ನುತ್ತಾರೆ. ಉಣಿಸಬೇಕು, ನಿಜ. ಆದರೆ ಏನನ್ನು, ಹೇಗೆ?

ಮೊದಲು ಒಂದು ಮಾತು. ಇದು ಶಾಪವಲ್ಲ, ಹೆತ್ತವಳ ತಪ್ಪೂ ಅಲ್ಲ. ಗರ್ಭದಲ್ಲೋ, ಹೆರಿಗೆಯ ವೇಳೆಯಲ್ಲೋ, ಎಳೆತನದಲ್ಲೋ ಮೆದುಳಿಗಾದ ಘಾಸಿಯಿಂದ ಬರುವ ತೊಂದರೆ.

ತೂಕದೊಳಗೆ ಏನಿದೆ?

ತೂಕವೆಂದರೆ ಮೂಳೆ, ಮಾಂಸಖಂಡ, ಕೊಬ್ಬು, ನೀರು ಎಲ್ಲ ಸೇರಿದ್ದು. ಆಡಿ ಓಡಿದಷ್ಟೂ ಖಂಡ, ಮೂಳೆ ಬಲಿಯುತ್ತವೆ. ನಡೆಯಲಾರದ ಮಗುವಿಗೆ ಇವೆರಡೂ ಕಡಿಮೆ, ಎತ್ತರವೂ ಕಡಿಮೆ. ಹಾಗಾಗಿ ತೆಳ್ಳಗೆ ಕಂಡರೂ ಕೊಬ್ಬಿನ ಪಾಲು ಹೆಚ್ಚಿರಬಹುದು. ಬರೀ ಸಕ್ಕರೆ, ಬಿಸ್ಕತ್ತು ಕೊಟ್ಟರೆ ಬೆಳೆಯುವುದು ಕೊಬ್ಬೇ. ನಾಳೆ ಮಗುವನ್ನು ಎತ್ತಿ ಕೂರಿಸುವವರೂ ನೀವೇ ಅಲ್ಲವೇ? ಆದರೆ ಕೈಕಾಲು ತಾವಾಗಿಯೇ ಸದಾ ಆಡುತ್ತಿರುವ ಮಗುವಿಗೆ ಹೆಚ್ಚು ಆಹಾರ ಬೇಕಾದೀತು. ಎಲ್ಲರಿಗೂ ಒಂದೇ ಅಳತೆ ಸಲ್ಲದು. ಅದಕ್ಕೇ 2011ರಲ್ಲಿ ಅಮೆರಿಕದ ಸಂಶೋಧಕರು ನಡೆದಾಡುವ ಶಕ್ತಿಗೆ ತಕ್ಕಂತೆ ಈ ಮಕ್ಕಳಿಗೇ ಬೇರೆ ಬೆಳವಣಿಗೆ ಪಟ್ಟಿಗಳನ್ನು ಪ್ರಕಟಿಸಿದರು.

ಅಳೆಯುವುದು ಹೇಗೆ?

ಮಗುವನ್ನೆತ್ತಿಕೊಂಡು ತೂಕ ನೋಡಿ, ನಿಮ್ಮೊಬ್ಬರದೇ ತೂಕವನ್ನು ಅದರಿಂದ ಕಳೆಯಿರಿ. ನಿಲ್ಲಲಾರದ ಮಗುವಿನ ಎತ್ತರವನ್ನು ಮಂಡಿಯಿಂದ ಹಿಮ್ಮಡಿಯವರೆಗಿನ ಉದ್ದದಿಂದ ಲೆಕ್ಕ ಹಾಕಬಹುದು. ತೋಳಿನ ಹಿಂಬದಿಯ ಚರ್ಮದ ಮಡಿಕೆ ಅಳೆದರೆ ಕೊಬ್ಬಿನ ಅಂದಾಜು ಸಿಗುತ್ತದೆ. ಇವನ್ನು ಡಾಕ್ಟರಲ್ಲಿ ಕೇಳಿ ಮಾಡಿಸಿ, ಸಂಕೋಚ ಬೇಡ.

ಉಣಿಸುವಾಗ

ಮಲಗಿಸಿ ಉಣಿಸಲೇಬೇಡಿ. ನೆಟ್ಟಗೆ ಕೂರಿಸಿ, ತಲೆ ತುಸು ಮುಂದಕ್ಕೆ ಬಾಗಿರಲಿ. ತುತ್ತು ಚಿಕ್ಕದಿರಲಿ, ಒಂದನ್ನು ನುಂಗಿದ ಮೇಲೆ ಇನ್ನೊಂದು. ಉಣ್ಣುವಾಗ ಕೆಮ್ಮು, ಗೊರಗೊರ ಸದ್ದು, ಪದೇ ಪದೇ ಎದೆಗೆ ಕಫ ಬಂದರೆ ಆಹಾರ ಶ್ವಾಸಕೋಶಕ್ಕೆ ಹೋಗುತ್ತಿರಬಹುದು. ತಡಮಾಡದೆ ವೈದ್ಯರಿಗೆ ತೋರಿಸಿ. ಪ್ರತಿ ಊಟಕ್ಕೂ ಅರ್ಧ ಗಂಟೆ ಮೀರುತ್ತಿದ್ದರೆ ಅದನ್ನೂ ಹೇಳಿ.

ಜೋಳದ ಗಂಜಿ ಮಾಡಿ ನೋಡಿ: 2 ಚಮಚ ಹೆಸರುಬೇಳೆಯನ್ನು ಮೆತ್ತಗೆ ಬೇಯಿಸಿ ನುಣ್ಣಗೆ ಮಸೆಯಿರಿ. 3 ಚಮಚ ಜೋಳದ ಹಿಟ್ಟನ್ನು ನೀರಲ್ಲಿ ಗಂಟಿಲ್ಲದಂತೆ ಕದಡಿ, ಬೇಳೆಗೆ ಸೇರಿಸಿ, ಚೆನ್ನಾಗಿ ಕುದಿಸಿ. ಚಮಚಕ್ಕೆ ಅಂಟುವಷ್ಟು ಗಟ್ಟಿಯಾಗಲಿ. ಇಳಿಸಿದ ಮೇಲೆ ಚಿಟಿಕೆ ಉಪ್ಪು, 1 ಸಣ್ಣ ಚಮಚ ತುಪ್ಪ. ಈ ತುಪ್ಪದಲ್ಲೇ ಸುಮಾರು 40 ಕ್ಯಾಲರಿ ಇದೆ. ಮಗುವಿಗೆ ಎಷ್ಟು ಬೇಕೆಂಬುದನ್ನು ವೈದ್ಯರು ಹೇಳಲಿ.

ಮೂಳೆಗೆ ಊಟವೊಂದೇ ಸಾಲದು. ವ್ಯಾಯಾಮ ಕಲಿಸುವವರು ತೋರಿಸಿದಂತೆ ಆಸರೆ ಕೊಟ್ಟು ನಿಲ್ಲಿಸಿ, ಬಿಸಿಲು ತಾಕಲಿ. ಫಿಟ್ಸ್ ಮಾತ್ರೆ ನುಂಗುತ್ತಿದ್ದರೆ ವಿಟಮಿನ್ ಡಿ ಬಗ್ಗೆ ವಿಚಾರಿಸಿ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೆ ಬಂದಾಗ ಮಗುವನ್ನು ತಪ್ಪದೆ ತೋರಿಸಿ. 2016ರ ಕಾಯಿದೆ ಗುರುತಿಸಿರುವ 21 ಅಂಗವೈಕಲ್ಯಗಳಲ್ಲಿ ಇದೂ ಒಂದು, ಪ್ರಮಾಣಪತ್ರ ಮಾಡಿಸಿಕೊಳ್ಳಿ.

ನೆರೆಮನೆಯ ಕೂಸಿನೊಡನೆ ಹೋಲಿಸಬೇಡಿ, ತಾಯಂದಿರೇ. ಹೋದ ತಿಂಗಳ ನಿಮ್ಮ ಮಗುವಿನೊಡನೆಯೇ ಹೋಲಿಸಿ ನೋಡಿ.