ಅಪಸ್ಮಾರವೂ ಮಿದುಳಿನ ಅಫೀಮೂ

ಅಪಸ್ಮಾರದ ಸೆಳವು ಬಂದು ಬಿದ್ದವನ ಕೈಯಲ್ಲಿ ಬೀಗದಕೈಯ ಗೊಂಚಲನ್ನು ತುರುಕುವುದನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಒಂದೆರಡು ನಿಮಿಷಗಳಲ್ಲಿ ಸೆಳವು ನಿಲ್ಲುತ್ತದೆ. ಕಬ್ಬಿಣದ ಮಹಿಮೆಯೆಂದು ನೆರೆದವರು ನಂಬುತ್ತಾರೆ. ಕಬ್ಬಿಣವಿಲ್ಲದಿದ್ದರೂ ಅದು ಅಷ್ಟೇ ಹೊತ್ತಿಗೆ ನಿಲ್ಲುತ್ತಿತ್ತು. (5 ನಿಮಿಷ ಮೀರಿದರೂ ನಿಲ್ಲದಿದ್ದಲ್ಲಿ ತಡಮಾಡದೆ ಆಸ್ಪತ್ರೆಗೆ ಒಯ್ಯತಕ್ಕದ್ದು.) ಅಸಂಖ್ಯ ನರಕೋಶಗಳು ಒಂದನ್ನೊಂದು ಕೆರಳಿಸುತ್ತ ಏಕಕಾಲದಲ್ಲಿ ವಿದ್ಯುತ್ತನ್ನು ಸಿಡಿಸುವುದೇ ಸೆಳವು. ಹಾಗಾದರೆ ಈ ಕಿಚ್ಚು ತಾನಾಗಿಯೇ ಆರುವುದು ಹೇಗೆ?

ಉತ್ತರದ ಒಂದು ಭಾಗವು ಅಫೀಮಿನ ಕಥೆಯಲ್ಲಿ ಅಡಗಿದೆ. ಗಸಗಸೆಯ ಕಾಯಿಯ ಹಾಲಿನಲ್ಲಿರುವ ಮಾರ್ಫೀನು ನೋವನ್ನು ಅಡಗಿಸುವುದಷ್ಟೆ. 1973ರಲ್ಲಿ ಅಮೆರಿಕದ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್ ಎಂಬ ವಿಜ್ಞಾನಿಗಳು ಅದು ಬಂದು ಕೂಡುವ ಗ್ರಾಹಕಗಳು ಮಿದುಳಿನಲ್ಲಿರುವುದನ್ನು ತೋರಿಸಿಕೊಟ್ಟರು. ಗ್ರಾಹಕವೆಂದರೆ ಒಂದು ಬಗೆಯ ಬೀಗ. ಗಸಗಸೆಯ ಗಿಡಕ್ಕಾಗಿ ಮಿದುಳು ಬೀಗವನ್ನು ಮಾಡಿಸಿಕೊಂಡಿರಲಾರದು. ಅದರ ಬೀಗದಕೈಯೂ ಮನೆಯೊಳಗೇ ಇರಬೇಕಷ್ಟೆ! 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಜಾನ್ ಹ್ಯೂಸ್, ಹಾನ್ಸ್ ಕೊಸ್ಟರ್ಲಿಟ್ಸ್ ಮತ್ತು ಅವರ ಸಂಗಡಿಗರು ಹಂದಿಯ ಮಿದುಳಿನಲ್ಲಿ ಅಂಥ ಎರಡು ವಸ್ತುಗಳನ್ನು ಗುರುತಿಸಿದರು. ತಲಾ 5 ಅಮೈನೊ ಆಮ್ಲಗಳ ಈ ಕಿರುಸರಗಳಿಗೆ ಎನ್‌ಕೆಫಲಿನ್ ಎಂದು ಹೆಸರು. ಎಂಡಾರ್ಫಿನ್, ಡೈನಾರ್ಫಿನ್‌ಗಳೂ ಇದೇ ವಂಶದವು.

ನೋವನ್ನು ತಣಿಸುವ ವಸ್ತುವು ಸೆಳವನ್ನೂ ತಣಿಸೀತೆಂದು ನಾವು ಎಣಿಸುವುದು ಸಹಜ. ಆದರೆ 1977ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಎನ್‌ಕೆಫಲಿನ್ನನ್ನು ಇಲಿಗಳ ಮಿದುಳಿಗೆ ಚುಚ್ಚಿದಾಗ, ಅಲ್ಲಿ ಸೆಳವಿನದೇ ವಿದ್ಯುತ್ ಅಲೆಗಳು ಎದ್ದವು! ಇದು ವಿಚಿತ್ರವಾಗಿ ತೋರಬಹುದು, ಕಾರಣ ಸರಳವಾಗಿದೆ. ಎನ್‌ಕೆಫಲಿನ್ ತಾನು ಮುಟ್ಟಿದ ಕೋಶವನ್ನು ಸುಮ್ಮನಾಗಿಸುವುದೇನೋ ನಿಜ. ಹಾಗೆ ಸುಮ್ಮನಾಗುವ ಕೋಶಗಳಲ್ಲಿ ಹಲವು, ಬೇರೆ ಕೋಶಗಳನ್ನು ಹದ್ದಿನಲ್ಲಿಡುವ ಕಾವಲುಗಾರರು. ಉಪಾಧ್ಯಾಯರಿಗೆ ನಿದ್ದೆ ಬರಿಸಿದರೆ ತರಗತಿ ಶಾಂತವಾದೀತೆ?

ಡೈನಾರ್ಫಿನ್ನಿನ ನಡತೆ ಬೇರೆ. ಮಿದುಳಿನ ಪಾರ್ಶ್ವಭಾಗದ ಒಳಗೆ ಹುದುಗಿರುವ ಹಿಪೊಕ್ಯಾಂಪಸ್ ನೆನಪಿನ ನೆಲೆ. ಅನೇಕ ರೋಗಿಗಳಲ್ಲಿ ಸೆಳವು ಹುಟ್ಟುವುದೂ ಅಲ್ಲಿಯೇ. ಅಲ್ಲಿನ ಕೆಲವು ಕೋಶಗಳು ಡೈನಾರ್ಫಿನ್ನನ್ನು ಪುಟ್ಟ ಚೀಲಗಳಲ್ಲಿ ತುಂಬಿಟ್ಟುಕೊಂಡಿರುತ್ತವೆ. ಕೋಶವು ಎಡೆಬಿಡದೆ ಸಿಡಿಯತೊಡಗಿದಾಗ ಮಾತ್ರ ಈ ಚೀಲಗಳು ಬಾಯಿ ಬಿಡುವುವು. ಹೊರಬಂದ ಡೈನಾರ್ಫಿನ್ 'ಕಪ್ಪಾ' ಎಂಬ ಗ್ರಾಹಕಗಳನ್ನು ಹಿಡಿದು, ಕೆರಳಿಸುವ ವಸ್ತುವಾದ ಗ್ಲುಟಮೇಟಿನ ಸ್ರಾವವನ್ನು ತಗ್ಗಿಸುತ್ತದೆ. ಬೆಂಕಿಯೇ ನೀರಿನ ಕೊಳಾಯಿಯನ್ನು ತಿರುಗಿಸುವಂಥ ಏರ್ಪಾಡು ಇದು! ಡೈನಾರ್ಫಿನ್ ತಯಾರಿಸಲಾರದ ಇಲಿಗಳಲ್ಲಿ ಸೆಳವು ಬೇಗನೆ ಏಳುವುದೆಂಬುದನ್ನು ಆಸ್ಟ್ರಿಯದ ಇನ್ಸ್‌ಬ್ರುಕ್‌ನ ಸಂಶೋಧಕರು 2007ರಲ್ಲಿ ತೋರಿಸಿದರು.

ಹಾಗೆಂದು ಅಫೀಮು ಅಪಸ್ಮಾರಕ್ಕೆ ಮದ್ದೆಂದು ಯಾರೂ ಭಾವಿಸಬಾರದು. ಅದು ಉಸಿರಾಟವನ್ನೇ ಕುಗ್ಗಿಸುವ ವಸ್ತು. ಕಪ್ಪಾ ಗ್ರಾಹಕಗಳನ್ನು ಮಾತ್ರ ಹಿಡಿಯುವ ಔಷಧಗಳು ಕೂಡ ಮನಸ್ಸಿಗೆ ಖಿನ್ನತೆಯನ್ನೂ ಭ್ರಮೆಯನ್ನೂ ತರುತ್ತವೆ. ಬೇಕಾದುದು ಬೇಕಾದ ಸ್ಥಳದಲ್ಲಿ, ಬೇಕಾದ ಗಳಿಗೆಯಲ್ಲಿ ಮಾತ್ರ ಒದಗುವ ಡೈನಾರ್ಫಿನ್. ಇನ್ಸ್‌ಬ್ರುಕ್ ಮತ್ತು ಬರ್ಲಿನ್ನಿನ ವಿಜ್ಞಾನಿಗಳು, ನಿರಪಾಯಕಾರಿಯಾದ ವೈರಸ್ಸೊಂದರ ಮೂಲಕ ಅದರ ಜೀನನ್ನು ಅಪಸ್ಮಾರವಿರುವ ಇಲಿಗಳ ಹಿಪೊಕ್ಯಾಂಪಸ್ಸಿಗೆ ಸೇರಿಸಿ ನೋಡಿದರು. ತಿಂಗಳುಗಟ್ಟಲೆ ಸೆಳವುಗಳು ಅಡಗಿದುವೆಂದು 2019ರಲ್ಲಿ ಅವರು ವರದಿ ಮಾಡಿದರು. ಅಪಸ್ಮಾರಿಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಜನರಿಗೆ ಇಂದಿನ ಮಾತ್ರೆಗಳಿಂದ ಸೆಳವು ಪೂರ್ತಿ ಹತೋಟಿಗೆ ಬರುವುದಿಲ್ಲ. ಈ ಪ್ರಯೋಗದ ಮೇಲೆ ಕಣ್ಣಿಟ್ಟಿರುವವರು ಅವರೇ. ಆದರೆ ಇಲಿಯಿಂದ ಮನುಷ್ಯನವರೆಗಿನ ದಾರಿ ಇನ್ನೂ ಕ್ರಮಿಸಬೇಕಾಗಿದೆ.