ಚಿದಂಬರ ರಹಸ್ಯ (ಕಾದಂಬರಿ)

ಚಿದಂಬರ ರಹಸ್ಯವು ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರು (೧೯೩೮–೨೦೦೭) ರಚಿಸಿದ, ೧೯೮೫ರಲ್ಲಿ ಪ್ರಕಟವಾದ ಕನ್ನಡ ಕಾದಂಬರಿ. ಪತ್ತೇದಾರಿ ಕಥನದ ಚೌಕಟ್ಟಿನೊಳಗೆ ಮಲೆನಾಡಿನ ಮೂಢನಂಬಿಕೆ, ಜಾತಿ–ಮತಗಳ ವೈಷಮ್ಯ ಮತ್ತು ಪರಿಸರನಾಶವನ್ನು ಇದು ಚಿತ್ರಿಸುತ್ತದೆ. ಈ ಕೃತಿಗೆ ೧೯೮೭ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಲಭಿಸಿತು.

ಹಿನ್ನೆಲೆ

ಕಥೆ ನಡೆಯುವ ಕೆಸರೂರು ಒಂದು ಕಾಲ್ಪನಿಕ ಊರು. ಲೇಖಕರು ನೆಲೆಸಿದ್ದ ಮೂಡಿಗೆರೆ ತಾಲ್ಲೂಕು ಹಾಸನ ಜಿಲ್ಲೆಯ ಸಕಲೇಶಪುರ ತಾಲ್ಲೂಕಿಗೆ ಹೊಂದಿಕೊಂಡಿದ್ದು, ಎರಡೂ ಕಾಫಿ ಮತ್ತು ಏಲಕ್ಕಿ ಬೆಳೆಯುವ ಪ್ರದೇಶಗಳಾಗಿವೆ. ಭಾರತೀಯ ಏಲಕ್ಕಿ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವೊಂದು ಸಕಲೇಶಪುರದಲ್ಲಿದೆ. ಗಿಡಹೇನುಗಳಿಂದ ಹರಡುವ ಕಟ್ಟೆರೋಗವೆಂಬ ನಂಜುರೋಗವು ಏಲಕ್ಕಿ ತೋಟಗಳನ್ನು ದೀರ್ಘಕಾಲದಿಂದ ಬಾಧಿಸುತ್ತ ಬಂದಿದೆ. ಕಾದಂಬರಿಯಲ್ಲಿ ಬರುವ ಏಲಕ್ಕಿ ಬೆಳೆಯ ಕುಸಿತಕ್ಕೆ ಈ ಸೀಮೆಯ ಕೃಷಿಜೀವನವೇ ಹಿನ್ನೆಲೆಯಾಗಿದೆ.

ಕಥಾವಸ್ತು

ಏಲಕ್ಕಿ ಸಂಶೋಧನೆಯಲ್ಲಿ ತೊಡಗಿದ್ದ ವಿಜ್ಞಾನಿ ಜೋಗಿಹಾಳ್ ಅನುಮಾನಾಸ್ಪದವಾಗಿ ಮೃತನಾಗುತ್ತಾನೆ. ಇದರ ತನಿಖೆಗಾಗಿ ಗುಪ್ತಚರ ಅಧಿಕಾರಿ ಅಂಗಡಿ ಕೆಸರೂರಿಗೆ ಬರುತ್ತಾನೆ. ಅದೇ ಸಮಯದಲ್ಲಿ ಊರಿನ ಶ್ರೀಮಂತ ಕೃಷ್ಣೇಗೌಡರ ಮನೆಯ ಮೇಲೆ ಕಲ್ಲುಗಳು ಬೀಳತೊಡಗುತ್ತವೆ. ಇದು ಕಿಡಿಗೇಡಿಗಳ ಕೆಲಸವೋ ದೆವ್ವದ ಚೇಷ್ಟೆಯೋ ಎಂಬ ಗುಸುಗುಸು ಹಬ್ಬುತ್ತದೆ. ಕ್ರಾಂತಿಯ ಕನಸು ಕಾಣುವ ಯುವಕರ ಗುಂಪು, ರಫಿ ಮತ್ತು ಜಯಂತಿಯರ ಪ್ರೇಮ, ಅದರಿಂದ ಕೆರಳುವ ಮತೀಯ ದ್ವೇಷ ಇವೆಲ್ಲವೂ ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ಊರಿನ ಸುತ್ತ ದಟ್ಟವಾಗಿ ಹಬ್ಬಿದ ಲಂಟಾನದ ಪೊದೆಗಳಿಗೆ ಬೆಂಕಿ ತಗುಲಿ, ಅದು ಕೆಸರೂರನ್ನು ಆವರಿಸುವುದರೊಂದಿಗೆ ಕಥೆ ಪರ್ಯವಸಾನಗೊಳ್ಳುತ್ತದೆ.

ತನಿಖೆ ಮತ್ತು ಅತಿಮಾನುಷ

ಬೆನ್ ಆರೊನೊವಿಚ್ ಅವರ ‘ರಿವರ್ಸ್ ಆಫ್ ಲಂಡನ್’ (೨೦೧೧) ಮಾದರಿಯ ಇಂಗ್ಲಿಷ್ ಕಾದಂಬರಿಗಳಲ್ಲಿ ಮಾಯೆಯು ನಿಜವೇ ಆಗಿರುತ್ತದೆ. ಅಲ್ಲಿ ಪೊಲೀಸ್ ಪೇದೆಯೇ ಮಂತ್ರವಿದ್ಯೆಯನ್ನು ಕಲಿಯುತ್ತಾನೆ. ತೇಜಸ್ವಿಯವರ ಕೃತಿಯಲ್ಲಿ ಅತಿಮಾನುಷವು ಜನರ ಭಯ ಮತ್ತು ವದಂತಿಗಳಲ್ಲಿ ಮಾತ್ರ ಜೀವಿಸುತ್ತದೆ. ಆದರೂ ಅದರ ಪರಿಣಾಮಗಳು ನೈಜವಾದವು: ಊರಿನವರು ಪರಸ್ಪರರನ್ನು ಶಂಕಿಸುತ್ತಿರುವಾಗ, ಕಣ್ಣೆದುರೇ ಬೆಳೆಯುತ್ತಿದ್ದ ಅಪಾಯ ಅವರ ಗಮನಕ್ಕೆ ಬರುವುದಿಲ್ಲ. ಒಬ್ಬ ಅಪರಾಧಿಯನ್ನು ಅರಸಿ ಹೊರಟ ತನಿಖೆಯು ಹೀಗೆ ಇಡೀ ಸಮುದಾಯದ ವಿಚಾರಣೆಯಾಗಿ ಮಾರ್ಪಡುತ್ತದೆ.

ಶೀರ್ಷಿಕೆ

ತಮಿಳುನಾಡಿನ ಚಿದಂಬರದ ನಟರಾಜ ದೇವಾಲಯದಲ್ಲಿ ತೆರೆಯನ್ನು ಸರಿಸಿದಾಗ ಕಾಣುವುದು ವಿಗ್ರಹವಲ್ಲ, ಬರಿಯ ಅವಕಾಶ. ಇದನ್ನೇ ‘ಚಿದಂಬರ ರಹಸ್ಯ’ ಎನ್ನುತ್ತಾರೆ. ಕನ್ನಡದ ಆಡುಮಾತಿನಲ್ಲಿ ಈ ಪದಕ್ಕೆ ಭೇದಿಸಲಾಗದ ಗುಟ್ಟು ಎಂಬ ಅರ್ಥವಿದೆ.

ರೂಪಾಂತರ

ಗಿರೀಶ ಕಾರ್ನಾಡರ ನಿರ್ದೇಶನದಲ್ಲಿ ಈ ಕಾದಂಬರಿಯು ದೂರದರ್ಶನಕ್ಕಾಗಿ ದೃಶ್ಯರೂಪ ಪಡೆದಿದೆ.