ತಟ್ಟೆಯಡಿಯ ಕಾಗದದಲ್ಲಿ ಮೂಡಿದ ಯುಟಿಎಫ್-8

1992ರ ಸೆಪ್ಟೆಂಬರ್ 2, ಬುಧವಾರ. ಹೊತ್ತು ಇಳಿಯುತ್ತಿದ್ದಾಗ ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್‌ಗೆ ಒಂದು ಫೋನ್ ಬಂತು. ಯುನಿಕ್ಸ್ ಮಾನಕಗಳನ್ನು ರೂಪಿಸುತ್ತಿದ್ದ ಎಕ್ಸ್/ಓಪನ್ ಸಮಿತಿಯವರು ಜಗತ್ತಿನ ಎಲ್ಲ ಲಿಪಿಗಳನ್ನೂ ಯುನಿಕ್ಸ್ ಕಡತಗಳಲ್ಲಿ ಉಳಿಸಿಡುವ ಪದ್ಧತಿಯೊಂದರ ಕರಡು ಮಾಡಿಕೊಂಡಿದ್ದರು. ಅದನ್ನು ಒಮ್ಮೆ ಪರಿಶೀಲಿಸಿ ಕೊಡಿ ಎಂಬುದಷ್ಟೇ ಅವರ ಕೋರಿಕೆ.

ಕೋರಿಕೆ ಹೋಗಿ ತಲುಪಿದ್ದು ಇಂಥದ್ದೇ ಪದ್ಧತಿಯೊಂದರಿಂದ ಬೇಸತ್ತಿದ್ದವರ ಬಳಿಗೇ. ಯುನಿಕ್ಸ್ ಕಟ್ಟಿದ ಕೆನ್ ಥಾಂಪ್ಸನ್ ಮತ್ತು ಅವರ ಸಹೋದ್ಯೋಗಿ ರಾಬ್ ಪೈಕ್ ಆಗ ಪ್ಲಾನ್ 9 ಎಂಬ ಹೊಸ ಕಾರ್ಯಾಚರಣ ವ್ಯವಸ್ಥೆಯನ್ನು ಇನ್ನೇನು ಹೊರಬಿಡುವುದರಲ್ಲಿದ್ದರು. ಅದರಲ್ಲಿ ಬಳಸಿದ್ದು ಐಎಸ್ಒ ಮಾನಕದ ಯುಟಿಎಫ್ ಎಂಬ ಹಳೆಯ ಪದ್ಧತಿ. ಅದು ಇಬ್ಬರಿಗೂ ಒಂದಿಷ್ಟೂ ಹಿಡಿಸಿರಲಿಲ್ಲ. ಅಕ್ಷರಗಳನ್ನು ಬೈಟುಗಳಾಗಿ ಕಟ್ಟಲು ಭಾಗಾಕಾರ ಮಾಡಬೇಕಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ, ಹಲವು ಬೈಟುಗಳ ಅಕ್ಷರವೊಂದರ ಹೊಟ್ಟೆಯೊಳಗೆ ಓರೆಗೆರೆಯ ಬೈಟ್ ಅಡಗಿ ಕೂರಬಹುದಿತ್ತು. ಯುನಿಕ್ಸ್ ವಂಶದಲ್ಲಿ ಓರೆಗೆರೆ ಎಂದರೆ ಕಡತದ ದಾರಿಯ ಗಡಿ. ಅದು ಕಂಡಲ್ಲೆಲ್ಲ ಹೆಸರು ತುಂಡಾಗುತ್ತದೆ. ಸಮಿತಿಯ ಕರಡು ಈ ಕಂಟಕವನ್ನೇನೋ ನಿವಾರಿಸಿತ್ತು. ಆದರೆ ಬೈಟುಗಳ ಸಾಲನ್ನು ನಡುವಿನಿಂದ ಓದತೊಡಗಿದರೆ ಅಕ್ಷರ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯಲು ಅದರಲ್ಲಿ ದಾರಿಯಿರಲಿಲ್ಲ.

ಇಬ್ಬರೂ ತಿರುಗಿ ಕೇಳಿದರು: ನಾವೇ ಹೊಸದೊಂದನ್ನು ರೂಪಿಸಿದರೆ ಒಪ್ಪುವಿರಾ? ಆಗಬಹುದು, ಆದರೆ ಬೇಗ ಆಗಬೇಕು ಎಂಬ ಉತ್ತರ ಬಂತು.

ಸರಿ, ಊಟಕ್ಕೆ ಹೊರಟರು. ಹೋಟೆಲಿನಲ್ಲಿ ತಟ್ಟೆಯಡಿ ಹಾಸಿದ್ದ ಕಾಗದದ ಮೇಲೆ ಥಾಂಪ್ಸನ್ ಬಿಟ್‌ಗಳನ್ನು ಜೋಡಿಸುತ್ತ ಹೋದರು, ಪೈಕ್ ಎದುರಿಗೆ ಕೂತು ನೋಡಿದರು. ಊಟ ಮುಗಿಯುವಷ್ಟರಲ್ಲಿ ವಿನ್ಯಾಸ ನಿಂತಿತ್ತು. ಲ್ಯಾಬಿಗೆ ಮರಳಿ ಸಮಿತಿಗೆ ಫೋನ್ ಮಾಡಿ ವಿವರಿಸಿದರು. ಇದು ನಮ್ಮದಕ್ಕಿಂತ ಚೆನ್ನಾಗಿದೆ ಎಂದು ಆ ಕಡೆಯವರು ದೊಡ್ಡ ಮನಸ್ಸಿನಿಂದ ಒಪ್ಪಿಕೊಂಡರು. ತಮ್ಮದೇ ಕರಡನ್ನು ಹೀಗೆ ಬದಿಗಿಡುವ ಸಮಿತಿಗಳು ಅಪರೂಪ.

ಆ ರಾತ್ರಿಯೇ ಥಾಂಪ್ಸನ್ ಅಕ್ಷರಗಳನ್ನು ಕಟ್ಟುವ, ಬಿಡಿಸುವ ಕೋಡ್ ಬರೆದರು. ಪೈಕ್ ಸಿ ಲೈಬ್ರರಿಯನ್ನೂ ಗ್ರಾಫಿಕ್ಸ್ ಲೈಬ್ರರಿಯನ್ನೂ ಬಿಚ್ಚಿ ಹರವಿಕೊಂಡರು. ಮರುದಿನ ಕೋಡ್ ಮುಗಿಯಿತು, ಹಳೆಯ ಕಡತಗಳ ಪರಿವರ್ತನೆ ಶುರುವಾಯಿತು. ಶುಕ್ರವಾರದ ಹೊತ್ತಿಗೆ, ಪೈಕ್ ಬರೆದಿದ್ದ ಸ್ಯಾಮ್ ಎಡಿಟರ್ ಸಮೇತ, ಇಡೀ ಪ್ಲಾನ್ 9 ಮುಂದೆ ಯುಟಿಎಫ್-8 ಎನಿಸಿದ ಹೊಸ ಪದ್ಧತಿಯಲ್ಲೇ ಓಡುತ್ತಿತ್ತು.

ಕೆಲವೇ ವರ್ಷಗಳಲ್ಲಿ ಇದನ್ನು ಮಾಡಿದ್ದು ಬೇರೆಯವರು ಎಂಬ ಮಾತು ಹಬ್ಬಿತು. ಕಾಗದದ ಹಾಸನ್ನು ಯಾರೂ ಉಳಿಸಿಕೊಂಡಿರಲಿಲ್ಲ. ಉಳಿಸಿಕೊಳ್ಳಬೇಕಿತ್ತು ಎಂದು ಪೈಕ್ ಮುಂದೆ ಹಳಹಳಿಸಿದರು. 2003ರಲ್ಲಿ ರಸ್ ಕಾಕ್ಸ್ ಎಂಬ ಪ್ರೋಗ್ರಾಮರ್ ಸಾಕ್ಷಿ ಹುಡುಕಿ ಪ್ಲಾನ್ 9ರ ನಿತ್ಯದ ದಾಖಲೆಗಳನ್ನು ಅಗೆದರು. ಭಾಗಾಕಾರದ ಹಳೆಯ ಕೋಡ್ ಹೋಗಿ ಹೊಸದು ಬಂದ ಗಳಿಗೆ ಅಲ್ಲಿ ಸಿಕ್ಕಿತು: 1992ರ ಸೆಪ್ಟೆಂಬರ್ 4, ಸಂಜೆ 7 ಗಂಟೆ 51 ನಿಮಿಷ.

ಥಾಂಪ್ಸನ್ ಕಂಡುಕೊಂಡದ್ದು ಇಷ್ಟೇ. 128ಕ್ಕಿಂತ ಕೆಳಗಿನ ಬೈಟುಗಳು ಹಳೆಯ ಆಸ್ಕಿ ಅಕ್ಷರಗಳಿಗೇ ಮೀಸಲು, ಹಾಗಾಗಿ ಓರೆಗೆರೆ ಬೇರೆಲ್ಲೂ ನುಸುಳದು. ಉಳಿದ ಅಕ್ಷರಗಳಲ್ಲಿ ಮೊದಲ ಬೈಟಿನ ಆರಂಭದ ಒಂದುಗಳೇ ಒಟ್ಟು ಬೈಟುಗಳ ಲೆಕ್ಕ ಹೇಳುತ್ತವೆ. ಹಿಂಬಾಲಿಸುವ ಪ್ರತಿ ಬೈಟೂ 10 ಎಂದೇ ಶುರುವಾಗುತ್ತದೆ. ಕನ್ನಡದ ‘ಕ’ ಹೀಗೆ 224, 178, 149 ಎಂಬ ಮೂರು ಬೈಟುಗಳಾಗುತ್ತದೆ. ಈ ಕಟ್ಟುನಿಟ್ಟಿನಿಂದಾಗಿಯೇ ವಿಮ್‌ನಂಥ ಎಡಿಟರ್‌ಗೆ ಕಡತ ಯುಟಿಎಫ್-8 ಹೌದೋ ಅಲ್ಲವೋ ಎಂದು ಪರೀಕ್ಷಿಸಲು ಸಾಧ್ಯವಾಯಿತು: ಒಂದು ಬೈಟ್ ನಿಯಮ ತಪ್ಪಿದರೂ ಎಡಿಟರ್ ತನ್ನ ಪಟ್ಟಿಯ ಮುಂದಿನ ಸಂಕೇತಕ್ಕೆ ಹೋಗುತ್ತದೆ. ಅಕ್ಷರಕ್ಕೆ ಒಂದೇ ಬೈಟಿನ ಹಳೆಯ ಸಂಕೇತವಾದ ಲ್ಯಾಟಿನ್-1 ಯಾವ ಬೈಟನ್ನೂ ಬೇಡವೆನ್ನದು. ಆದ್ದರಿಂದ ಎಡಿಟರ್‌ನ ಸಂಕೇತಪಟ್ಟಿಯಲ್ಲಿ ಯುಟಿಎಫ್-8 ಮೊದಲು, ಲ್ಯಾಟಿನ್-1 ಕೊನೆಗೆ ಇರಬೇಕು. ಅದಲುಬದಲಾದರೆ ಯಾವ ದೂರೂ ಇಲ್ಲದೆ ‘ಕ’ ಮೂರು ಅಪರಿಚಿತ ಚಿಹ್ನೆಗಳಾಗಿ ಒಡೆಯುತ್ತದೆ.